ನೋವಿಲ್ಲದಿದ್ದರೆ ಚಿತ್ರ ಬರುವುದಿಲ್ಲವೇ?

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆ ಕಡೆಯವನು. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅಲ್ಲಿಂದ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿದೆ. ರಾತ್ರಿ ಚಿತ್ರ ಬಿಡಿಸುತ್ತೇನೆ, ಅದೊಂದೇ ಸಮಾಧಾನ. ಕಷ್ಟಪಡದವನು, ಒಂಟಿಯಾಗಿ ಇರದವನು ಕಲಾವಿದ ಆಗುವುದಿಲ್ಲ, ವ್ಯಾನ್ ಗೋನನ್ನು ನೋಡು ಅಂತ ಹಿರಿಯರೊಬ್ಬರು ಹೇಳಿದರು. ಕೆಲಸ ಬಿಟ್ಟು, ಫೋನ್ ನಂಬರ್ ಬದಲಿಸಿ, ಸಕಲೇಶಪುರದ ಕಡೆ ಒಂದು ಕೋಣೆ ಹಿಡಿದು ಇದ್ದುಬಿಡೋಣ ಅಂದುಕೊಂಡಿದ್ದೇನೆ. ಅಮ್ಮ, ಅಕ್ಕ ಡಾಕ್ಟರ ಹತ್ತಿರ ಹೋಗು ಅನ್ನುತ್ತಾರೆ. ನೋವು ವಾಸಿಯಾದರೆ ಅದರ ಜೊತೆ ಚಿತ್ರವೂ ಹೋಗಿಬಿಡುತ್ತದಾ ಅಂತ ನನಗೆ ಭಯ. ನಾನು ಬಿಡಿಸಿದ ಒಂದು ಚಿತ್ರ ಕಳಿಸಿದ್ದೇನೆ.

ಉತ್ತರ:

ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ನೋವು ವಾಸಿಯಾದರೆ ಚಿತ್ರ ಹೋಗುವುದಿಲ್ಲ. ನಾನು ಮೂವತ್ತು ವರ್ಷ ಚಿತ್ರ ಕಲಿಸಿದವನು. ಖಿನ್ನತೆಯಿಂದ ಎದ್ದು ಬಂದ ಹುಡುಗ ಹುಡುಗಿಯರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಕೈ ಎಲ್ಲಿಗೂ ಹೋಗಲಿಲ್ಲ. ನೋವು ಜಾಸ್ತಿಯಾಗಿ ಪೆನ್ಸಿಲ್ ಕೆಳಗಿಟ್ಟವರನ್ನೂ ನೋಡಿದ್ದೇನೆ. ಅವರಲ್ಲಿ ಕೆಲವರು ಮತ್ತೆ ಅದನ್ನು ಎತ್ತಿಕೊಳ್ಳಲೇ ಇಲ್ಲ.

ಅಪ್ಪ ಹೋದ ದುಃಖ ದೊಡ್ಡದು. ಅದು ನಿನ್ನ ಕಲೆಗೆ ಬಂಡವಾಳ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅದು ಮೊದಲು ನಿಮ್ಮ ದುಃಖ. ಅತ್ತು ಮುಗಿಸಿದರೂ ಸರಿ, ಅದು ಚಿತ್ರವಾಗಲೇಬೇಕು ಅಂತೇನೂ ಇಲ್ಲ.

ವ್ಯಾನ್ ಗೋನನ್ನು ನೋಡು ಅಂದರಲ್ಲ ಆ ಹಿರಿಯರು, ಬನ್ನಿ, ಸರಿಯಾಗಿಯೇ ನೋಡೋಣ. ಸಾಮಾನ್ಯವಾಗಿ ನಮಗೆ ಗೊತ್ತಿರುವುದು ಅವನು ತನ್ನ ಕಿವಿ ಕೊಯ್ದುಕೊಂಡ ಕತೆ, ಹುಚ್ಚಾಸ್ಪತ್ರೆಯ ಕತೆ, ಬದುಕಿದ್ದಾಗ ಚಿತ್ರ ಮಾರಾಟವಾಗದ ಕತೆ. ಇವೆಲ್ಲ ಅವನ ಬದುಕಿನ ಕೊನೆಯ ಭಾಗದವು. ಅವನು ಕಲಾವಿದನಾದದ್ದು ಹೇಗೆ ಎಂಬುದು ಬೇರೆಯೇ ಕತೆ. ನಿಮಗೆ ಬೇಕಾದದ್ದು ಅದು.

ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರಲ್ಲಿ, ಹಾಲೆಂಡಿನಲ್ಲಿ. 16ನೇ ವಯಸ್ಸಿಗೆ ಚಿತ್ರ ಮಾರುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. 1876ರಲ್ಲಿ ಆ ಕೆಲಸ ಹೋಯಿತು. ಪಾಠ ಹೇಳಿದ, ಪುಸ್ತಕದಂಗಡಿಯಲ್ಲಿ ನಿಂತ, ಧರ್ಮಶಾಸ್ತ್ರ ಓದಲು ಹೋಗಿ ಬಿಟ್ಟ. ಕೊನೆಗೆ ಬೆಲ್ಜಿಯಂನ ಬೊರಿನಾಜ್ ಎಂಬ ಕಲ್ಲಿದ್ದಲು ಗಣಿಗಳ ಸೀಮೆಗೆ ಧರ್ಮಬೋಧಕನಾಗಿ ಹೋದ. ಗಣಿ ಕೆಲಸದವರ ಹಾಗೇ ಬದುಕಲು ಹೊರಟು ಇದ್ದ ಬಟ್ಟೆಯನ್ನೂ ಅವರಿಗೇ ಕೊಟ್ಟ. ಆ ಕೆಲಸವನ್ನೂ ಮುಂದುವರಿಸಲು ಬಿಡಲಿಲ್ಲ. 1879ರ ಆಗಸ್ಟಿನಲ್ಲಿ ತಮ್ಮ ಥಿಯೋ ನೋಡಲು ಬಂದ. ಮುಂದೆ ಏನು ಮಾಡುತ್ತೀಯ ಎಂದು ಕೇಳಿದ. ಇಬ್ಬರಿಗೂ ಬೇಸರವಾಯಿತು. ಅಲ್ಲಿಂದ ಸುಮಾರು ಹತ್ತು ತಿಂಗಳು ವಿನ್ಸೆಂಟ್ ತಮ್ಮನಿಗೆ ಪತ್ರವನ್ನೇ ಬರೆಯಲಿಲ್ಲ. ನೀವು ಫೋನ್ ನಂಬರ್ ಬದಲಿಸಬೇಕು ಅಂದುಕೊಂಡಿದ್ದೀರಲ್ಲ, ಸುಮಾರಾಗಿ ಅದೇ ಸ್ಥಿತಿ.

ಆ ಹತ್ತು ತಿಂಗಳಲ್ಲಿ ಒಂದು ಘಟನೆ ನಡೆಯಿತು. ಫ್ರಾನ್ಸಿನ ಗಡಿಯಾಚೆ ಕೂರಿಯೇರ್ ಎಂಬ ಊರಲ್ಲಿ ಅವನು ಮೆಚ್ಚಿದ ಒಬ್ಬ ಚಿತ್ರಕಾರನಿದ್ದ. ಜೇಬಿನಲ್ಲಿ ಹತ್ತು ಫ್ರಾಂಕ್ ಇಟ್ಟುಕೊಂಡು ಹೆಚ್ಚಿನ ದಾರಿ ನಡೆದುಕೊಂಡೇ ಹೋದ. ಒಂದು ವಾರ ಬೀದಿಯಲ್ಲೇ. ಒಂದು ರಾತ್ರಿ ಯಾರೋ ಬಿಟ್ಟುಹೋದ ಗಾಡಿಯಲ್ಲಿ ಮಲಗಿದ. ಬೆಳಗ್ಗೆ ಎದ್ದರೆ ಗಾಡಿಯೆಲ್ಲ ಮಂಜಿನಿಂದ ಬೆಳ್ಳಗಾಗಿತ್ತಂತೆ. ಇನ್ನೊಂದು ರಾತ್ರಿ ಕಟ್ಟಿಗೆ ರಾಶಿಯಲ್ಲಿ, ಮತ್ತೊಂದು ರಾತ್ರಿ ಹುಲ್ಲಿನ ಬಣವೆಯಲ್ಲಿ. ಚೀಲದಲ್ಲಿದ್ದ ಕೆಲವು ಚಿತ್ರ ಕೊಟ್ಟು ಬ್ರೆಡ್ ತಗೊಂಡ. ಅಷ್ಟು ನಡೆದು ಹೋಗಿ ಆ ಚಿತ್ರಕಾರನ ಹೊಸ ಸ್ಟುಡಿಯೋದ ಬಾಗಿಲ ಮುಂದೆ ನಿಂತ. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಹಾಗೇ ವಾಪಸ್ ಬಂದ.

ಆ ಅವಸ್ಥೆಯಲ್ಲೇ ತನಗೆ ಮತ್ತೆ ಶಕ್ತಿ ಬಂತು, ಬಿಟ್ಟಿದ್ದ ಪೆನ್ಸಿಲ್ ಮತ್ತೆ ಹಿಡಿಯುತ್ತೇನೆ ಅಂದುಕೊಂಡೆ ಎಂದು ಅವನೇ ಆಮೇಲೆ ಬರೆದ. ಇದನ್ನು ಓದಿದವರು ನೋಡಿ, ಕಷ್ಟವೇ ಅವನನ್ನು ಕಲಾವಿದನನ್ನಾಗಿ ಮಾಡಿತು ಅಂದುಬಿಡುತ್ತಾರೆ. ಈ ಮಾತು ಬರೆದದ್ದು ಯಾರಿಗೆ, ಯಾವಾಗ ಎಂಬುದನ್ನು ಯಾರೂ ನೋಡುವುದಿಲ್ಲ. ಬರೆದದ್ದು ಥಿಯೋಗೆ, 1880ರ ಸೆಪ್ಟೆಂಬರಿನಲ್ಲಿ. ಅಂದರೆ ಮೌನ ಮುರಿದ ಮೇಲೆ.

ಮೌನ ಮುರಿದದ್ದು ಹೇಗೆ? 1880ರ ಬೇಸಿಗೆಯಲ್ಲಿ ಥಿಯೋ ಅವನಿಗೆ ಅಂತ 50 ಫ್ರಾಂಕ್ ಕಳಿಸಿದ. ತಗೊಳ್ಳಲು ಮುಜುಗರ. ಆದರೂ ತಗೊಂಡ. ಥ್ಯಾಂಕ್ಸ್ ಹೇಳಲು ಕೂತವನು ಪುಟಗಟ್ಟಲೆ ಬರೆದ. ಆ ಪತ್ರದಲ್ಲಿ ಪಂಜರದ ಹಕ್ಕಿಯೊಂದು ಬರುತ್ತದೆ. ವಸಂತ ಬಂದಾಗ ಅದಕ್ಕೆ ತಾನು ಏನೋ ಮಾಡಬೇಕು ಅನ್ನಿಸುತ್ತದೆ. ಏನು ಅಂತ ನೆನಪಾಗುವುದಿಲ್ಲ. ಬೇರೆ ಹಕ್ಕಿಗಳು ಗೂಡು ಕಟ್ಟುತ್ತಿವೆ. ಇದು ಕಂಬಿಗೆ ತಲೆ ಬಡಿದುಕೊಳ್ಳುತ್ತದೆ. ಪಂಜರ ಹಾಗೇ ಇರುತ್ತದೆ, ಹಕ್ಕಿಗೆ ನೋವಿನಿಂದ ತಲೆ ಕೆಡುತ್ತದೆ. ಈ ಪಂಜರ ಇಲ್ಲವಾಗುವುದು ಯಾವುದರಿಂದ ಎಂದು ಅವನೇ ಕೇಳಿ ಅವನೇ ಉತ್ತರ ಕೊಡುತ್ತಾನೆ. ಆಳವಾದ ಯಾವುದೇ ಪ್ರೀತಿಯಿಂದ. ಸ್ನೇಹಿತನಾಗಿ, ಅಣ್ಣತಮ್ಮನಾಗಿ ಇರುವುದರಿಂದ. ಒಂಟಿತನದ ತಳ ಕಂಡು ಬಂದ ಮನುಷ್ಯ ಬರೆದದ್ದು ಇದು. ಒಂಟಿಯಾಗಿರು ಅಂತ ಅವನು ಎಲ್ಲೂ ಹೇಳಲಿಲ್ಲ.

ಆಮೇಲೆ ಏನು ಮಾಡಿದ? ಡ್ರಾಯಿಂಗ್ ಕಲಿಸುವ ಹಾಳೆಗಳನ್ನು ಕೇಳಿ ತರಿಸಿಕೊಂಡು ಮತ್ತೆ ಮತ್ತೆ ನಕಲು ಮಾಡಿದ. ಫ್ರಾನ್ಸಿನ ಚಿತ್ರಕಾರ ಮಿಲೆ ಬಿಡಿಸಿದ ರೈತರ ಚಿತ್ರಗಳ ಅಚ್ಚುಗಳನ್ನು ನಕಲು ಮಾಡಿದ. ಅದೇ ವರ್ಷ ಬ್ರಸೆಲ್ಸ್‌ಗೆ ಹೋಗಿ ಇನ್ನೊಬ್ಬ ಚಿತ್ರಕಾರನ ಗೆಳೆತನ ಮಾಡಿದ. ಐದು ವರ್ಷ ಕಳೆದು, 1885ರಲ್ಲಿ, ಆಲೂಗಡ್ಡೆ ತಿನ್ನುತ್ತಿರುವ ರೈತ ಕುಟುಂಬದ ಆ ದೊಡ್ಡ ಚಿತ್ರ ಬಂತು. ಅದಕ್ಕೆ ಮೊದಲು ರೈತರ ಮುಖಗಳನ್ನೇ ಹತ್ತಾರು ಸಲ ಬಿಡಿಸಿದ್ದ. ನೋವು ಅವನಿಗೆ 27ನೇ ವಯಸ್ಸಿಗೇ ಇತ್ತು. ಚಿತ್ರ ಬರಲು ಇನ್ನೂ ಐದು ವರ್ಷದ ಅಭ್ಯಾಸ ಬೇಕಾಯಿತು. ನೋವೇ ಸಾಕಾಗಿದ್ದರೆ ಆ ಗಣಿಯೂರಿನಲ್ಲೇ ಬಂದುಬಿಡಬೇಕಿತ್ತು, ಅಲ್ವಾ?

ಇನ್ನು ಅವನ ಒಂಟಿತನ. 1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ಸ್ ಊರಲ್ಲಿ ಒಂದು ಹಳದಿ ಮನೆ ಬಾಡಿಗೆಗೆ ಹಿಡಿದ. ಮನೆಗೆ 12 ಕುರ್ಚಿ ತಂದ. ಕಲಾವಿದರೆಲ್ಲ ಬಂದು ಒಟ್ಟಿಗೆ ಇರಬೇಕು, ಒಟ್ಟಿಗೆ ಕೆಲಸ ಮಾಡಬೇಕು ಎಂಬುದು ಅವನ ಆಸೆ. ಬಂದದ್ದು ಚಿತ್ರಕಾರ ಗೋಗ್ಯಾಂ ಒಬ್ಬನೇ, ಎರಡು ತಿಂಗಳಿಗೆ. ಅದು ಕೆಟ್ಟದಾಗಿ ಮುಗಿಯಿತು, ಆ ಕಿವಿಯ ಘಟನೆ ಆದದ್ದು ಆಗಲೇ. ಆಮೇಲೆ ಅಕ್ಕಪಕ್ಕದವರು ಇವನನ್ನು ಕೂಡಿಹಾಕಿ ಅಂತ ಸಹಿ ಹಾಕಿ ಅರ್ಜಿ ಕೊಟ್ಟರು. ಒಂಟಿತನ ಅವನ ಮೇಲೆ ಬಂದು ಬಿದ್ದದ್ದು. ಅವನು ತಂದಿದ್ದು ಕುರ್ಚಿಗಳನ್ನು. ಆ 12 ಕುರ್ಚಿ ನೆನಪಾದಾಗಲೆಲ್ಲ ನನಗೆ ಕರುಳು ಹಿಂಡಿದಂತಾಗುತ್ತದೆ.

ಆ ಊರಲ್ಲಿ ಅವನ ಕೈ ಬಿಡದೆ ನಿಂತವನು ರೈಲ್ವೆ ಸ್ಟೇಷನ್ನಿನಲ್ಲಿ ಅಂಚೆ ಕೆಲಸ ಮಾಡುತ್ತಿದ್ದ ರೂಲಾಂ. ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬರುತ್ತಿದ್ದ. ಹೇಗಿದ್ದಾನೆ ಅಂತ ಥಿಯೋಗೆ ಪತ್ರ ಬರೆಯುತ್ತಿದ್ದ. ವಿನ್ಸೆಂಟ್ ಅವನನ್ನು, ಅವನ ಹೆಂಡತಿಯನ್ನು, ಮಕ್ಕಳನ್ನು, ತೊಟ್ಟಿಲ ಕೂಸನ್ನೂ ಬಿಡದೆ ಚಿತ್ರ ಮಾಡಿದ. 20ಕ್ಕೂ ಹೆಚ್ಚು ಚಿತ್ರ ಆ ಒಂದು ಮನೆಯವರದ್ದೇ.

ಕಾಯಿಲೆ ಜೋರಾದಾಗ ಏನಾಯಿತು ಎಂಬುದನ್ನೂ ತಿಳಿದುಕೊಳ್ಳಿ. 1889ರ ಮೇ ತಿಂಗಳಿಂದ ಒಂದು ವರ್ಷ ಅವನು ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದ. ಅಲ್ಲಿ ಸುಮಾರು 150 ಚಿತ್ರ ಮಾಡಿದ. ಈ ಲೆಕ್ಕ ಹೇಳಿ, ನೋಡಿ ಹುಚ್ಚಿನಲ್ಲೇ ಎಷ್ಟು ಮಾಡಿದ ಅನ್ನುವವರಿದ್ದಾರೆ. ಹಾಗಲ್ಲ. ಆ ಜುಲೈನಲ್ಲಿ ಕಾಯಿಲೆ ಮರುಕಳಿಸಿದಾಗ ವಾರಗಟ್ಟಲೆ ಬ್ರಷ್ ಮುಟ್ಟಲು ಆಗಲಿಲ್ಲ. ಹೆಚ್ಚಿನ ಚಿತ್ರಗಳು ಬಂದದ್ದು ತಲೆ ತಿಳಿಯಾಗಿದ್ದ ದಿನಗಳಲ್ಲಿ. ಅವನಿಗೂ ಇದು ಗೊತ್ತಿತ್ತು. ಕಾಯಿಲೆಯನ್ನು ಕಾಯಿಲೆ ಅಂತಲೇ ಕರೆದ. ಕೆಲಸವೇ ತನಗೆ ಒಳ್ಳೆಯ ಔಷಧಿ ಅಂತ ಬರೆದ. 1890ರ ಜನವರಿಯಲ್ಲಿ ಥಿಯೋಗೆ ಮಗ ಹುಟ್ಟಿದ, ವಿನ್ಸೆಂಟ್ ಅಂತಲೇ ಹೆಸರಿಟ್ಟರು. ಆ ಕೂಸಿಗೆ ಅಂತ ನೀಲಿ ಆಕಾಶದಲ್ಲಿ ಬಿಳಿ ಬಾದಾಮಿ ಹೂವಿನ ಕೊಂಬೆಗಳನ್ನು ಬಿಡಿಸಿದ. ನನ್ನ ಕಣ್ಣಿಗೆ ಅವನ ಅತಿ ಚೆಂದದ ಚಿತ್ರಗಳಲ್ಲಿ ಅದೂ ಒಂದು. ಅದು ಸಂತೋಷದಿಂದ ಬಂದ ಚಿತ್ರ.

ಅದೇ ವರ್ಷದ ಜುಲೈನಲ್ಲಿ, 37ನೇ ವಯಸ್ಸಿಗೆ ಅವನು ಹೋದ. ಆ ಸಾವು ಕಲೆಗೆ ಏನೂ ಕೊಡಲಿಲ್ಲ. ಇನ್ನೂ ಮೂವತ್ತು ವರ್ಷ ಬದುಕಿದ್ದರೆ ಬರುತ್ತಿದ್ದ ಚಿತ್ರಗಳನ್ನು ನಮ್ಮಿಂದ ಕಸಿದುಕೊಂಡಿತು, ಅಷ್ಟೇ. ಆರು ತಿಂಗಳಲ್ಲಿ ಥಿಯೋನೂ ತೀರಿಕೊಂಡ. ಚಿತ್ರಗಳ ರಾಶಿ, ಪತ್ರಗಳ ಕಟ್ಟು, ಕಂಕುಳಲ್ಲಿ ಕೂಸು ಹೊತ್ತು ನಿಂತವಳು ಥಿಯೋನ ಹೆಂಡತಿ ಯೊಹಾನಾ. ಆಕೆ ಅವನ್ನು ಕಾಪಾಡಿದಳು, ಪ್ರದರ್ಶನಗಳಿಗೆ ಕಳಿಸಿದಳು, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದಳು. ವಿನ್ಸೆಂಟ್ ಬರೆದ ಪತ್ರಗಳಲ್ಲಿ ಉಳಿದಿರುವುದು 800ಕ್ಕೂ ಜಾಸ್ತಿ. ಅದರಲ್ಲಿ 600ಕ್ಕೂ ಹೆಚ್ಚು ಥಿಯೋಗೆ ಬರೆದವು. ಜಗತ್ತಿನ ಅತಿ ಒಂಟಿ ಕಲಾವಿದ ಅಂತ ನಾವು ಹೇಳುವವನು ಅಷ್ಟು ಸಲ ಒಬ್ಬ ಮನುಷ್ಯನ ಜೊತೆ ಮಾತಾಡಲು ಕೂತಿದ್ದ.

ಹಾಗಾದರೆ ಒಬ್ಬರೇ ಇರುವುದು ಬೇಡವೇ? ಬೇಕು. ಖಂಡಿತ ಬೇಕು. ಕನ್ನಡದಲ್ಲಿ ನಮಗೆ ಎರಡು ಮಾತಿವೆ, ಏಕಾಂತ ಮತ್ತು ಒಂಟಿತನ. ಏಕಾಂತಕ್ಕೆ ನಾವೇ ಹೋಗುತ್ತೇವೆ, ಬೇಕಾದಾಗ ಎದ್ದು ಬರುತ್ತೇವೆ. ಒಂಟಿತನದಿಂದ ಎದ್ದು ಬರಲು ದಾರಿ ಕಾಣುವುದಿಲ್ಲ. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಏಕಾಂತದ ಮನುಷ್ಯ. ಮದುವೆಯಾಗಲಿಲ್ಲ. ಊಟಿಯ ಮಂಜು, ಬೆಟ್ಟ, ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಗ್ಯಾಲರಿ ಅವರ ಹೆಸರಿನದೇ. ಆ ಏಕಾಂತಕ್ಕೆ ಒಂದು ಶಿಸ್ತಿತ್ತು. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ವರ್ಷಗಟ್ಟಲೆ ಕಲಿತು ಬಂದವರು ಅವರು. ವೀಣೆ ಕಲಿಯಬೇಕು ಅನ್ನಿಸಿದಾಗ ವೀಣೆ ಶೇಷಣ್ಣನವರ ಮುಂದೆ ಹೋಗಿ ಶಿಷ್ಯರಾಗಿ ಕೂತರು.

ಇನ್ನೊಬ್ಬರ ಬಗ್ಗೆ ನೀವು ಕೇಳಿಲ್ಲದೆ ಇರಬಹುದು. ಬಿನೋದ್ ಬಿಹಾರಿ ಮುಖರ್ಜಿ. 1904ರಲ್ಲಿ ಬಂಗಾಳದಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಒಂದು ಕಣ್ಣು ಕಾಣದು, ಇನ್ನೊಂದು ಬಹಳ ಮಂಜು. ಹೀಗಾಗಿ ಮಾಮೂಲಿ ಶಾಲೆ ಸರಿಹೋಗದೆ ಶಾಂತಿನಿಕೇತನಕ್ಕೆ ಬಂದರು. ಚಿತ್ರಕಲೆಗೆ ಸೇರಿದಾಗ, ಈ ಕಣ್ಣಲ್ಲಿ ಹೇಗೆ ಅಂತ ಗುರು ನಂದಲಾಲ್ ಬೋಸರಿಗೂ ಅನುಮಾನವಿತ್ತು. ಹುಡುಗನಿಗೆ ಆಸಕ್ತಿ ಇದ್ದರೆ ಬಿಡಿ, ಮಾಡಲಿ ಅಂದವರು ರವೀಂದ್ರನಾಥರು. ಆ ಊರಿನ ಸುತ್ತ ಕೊರಕಲು ಬಿದ್ದ ಕೆಂಪು ಬಯಲಿದೆ, ಖೋಯಾಯಿ ಅನ್ನುತ್ತಾರೆ. ಬಿನೋದ್ ಬಿಹಾರಿ ಅಲ್ಲಿ ಒಬ್ಬರೇ ತಿರುಗುತ್ತಿದ್ದರು, ಅದನ್ನೇ ಉದ್ದನೆಯ ಸುರುಳಿಗಳಲ್ಲಿ ಚಿತ್ರ ಮಾಡುತ್ತಿದ್ದರು. ಆ ಬಯಲಲ್ಲಿ ಒಂಟಿಯಾಗಿ ನಿಂತ ತಾಳೆಮರದಲ್ಲಿ ತನ್ನನ್ನೇ ಕಂಡುಕೊಂಡವರು. ಅಷ್ಟು ಏಕಾಂತದ ಮನುಷ್ಯ 1947ರ ಹೊತ್ತಿಗೆ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಮಾಡಿದ್ದೇನು? ಕಬೀರ, ಸೂರದಾಸ, ತುಳಸೀದಾಸ, ಅವರ ಸುತ್ತ ನೂರಾರು ಸಾಮಾನ್ಯ ಜನ. ನದಿ ಹರಿದಂತೆ ಜನ ಹರಿಯುತ್ತಾರೆ ಆ ಗೋಡೆಯಲ್ಲಿ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕೆಲಸ ಅದು. ಶಿಷ್ಯರು ಜೊತೆಗೆ ನಿಂತು ಮಾಡಿದರು.

ಮುಂದೆ 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಇದ್ದ ದೃಷ್ಟಿಯೂ ಪೂರ್ತಿ ಹೋಯಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಕಷ್ಟ ಯಾವುದು? ಅವರು ಶಾಂತಿನಿಕೇತನಕ್ಕೆ ಮರಳಿ ಪಾಠ ಹೇಳಿದರು. ಕೈಯಲ್ಲಿ ಮುಟ್ಟಿ ಮುಟ್ಟಿ ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದರು. 1972ರಲ್ಲಿ ಅಲ್ಲಿನ ಕಲಾಭವನದ ಗೋಡೆಗೆ ಹೆಂಚಿನ ತುಣುಕುಗಳ ದೊಡ್ಡ ಚಿತ್ರ ಕೂರಿಸಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ ಅದೇ ವರ್ಷ ಅವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಕುರುಡುತನ ಅವರಿಗೆ ಕಲೆ ಕೊಟ್ಟಿತು ಅಂತ ನಾನು ಹೇಳಲಾರೆ. ಕಣ್ಣು ಹೋಗುವ ಮೊದಲೇ ಅರ್ಧ ಆಯುಷ್ಯದ ಕೆಲಸ ಅವರ ಬೆರಳಲ್ಲಿ ಕೂತಿತ್ತು. ಕಷ್ಟ ಬಂದಾಗ ಆ ಬೆರಳು ಅವರನ್ನು ಹಿಡಿದುಕೊಂಡಿತು.

ನಮ್ಮ ಗಂಗೂಬಾಯಿ ಹಾನಗಲ್ಲರ ಕತೆ ನಿಮಗೆ ಗೊತ್ತೇ ಇರುತ್ತದೆ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಹಾಡುವವರ ಮಗಳು ಅಂತ ಅಕ್ಕಪಕ್ಕದವರಿಂದ ಅನ್ನಿಸಿಕೊಂಡವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಆ ಕತೆಯಲ್ಲಿ ನನ್ನನ್ನು ಕಾಡುವುದು ತಾಯಿ ಅಂಬಾಬಾಯಿ. ಆಕೆ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದೂಸ್ತಾನಿ ಗಾಯನಕ್ಕೆ ತನ್ನ ಶೈಲಿ ಅಡ್ಡ ಬರಬಾರದು ಅಂತ ತಾನು ಹಾಡುವುದನ್ನೇ ಬಿಟ್ಟರು. ಮಗಳ ಹಾಡಿನ ಹಿಂದೆ ಆ ತಾಯಿಯ ಮೌನ ಇದೆ. ಕಷ್ಟ ಗಂಗೂಬಾಯಿಯವರನ್ನು ಬೆಳೆಸಿತು ಅನ್ನುವಾಗ ಅಂಬಾಬಾಯಿಯನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಥಿಯೋನನ್ನು ಮರೆತ ಹಾಗೆ.

ನನ್ನದೂ ಸ್ವಲ್ಪ ಹೇಳಬೇಕು. 23ನೇ ವಯಸ್ಸಲ್ಲಿ ನಾನೂ ನೀವು ಯೋಚಿಸಿದ್ದನ್ನೇ ಮಾಡಿದೆ. ಧಾರವಾಡದಲ್ಲಿ ಒಂದು ಕೋಣೆ ಹಿಡಿದು, ಊರಿಗೆ ಪತ್ರ ಬರೆಯುವುದನ್ನೂ ನಿಲ್ಲಿಸಿ, ಚಿತ್ರವೊಂದೇ ಅಂತ ಕೂತೆ. ಮೊದಲ ಎರಡು ತಿಂಗಳು ಕೈ ಚೆನ್ನಾಗಿ ಓಡಿತು. ಆಮೇಲೆ ಒಂದೇ ಚಿತ್ರವನ್ನು ತಿದ್ದುತ್ತಾ ಕೂತೆ. ಆಮೇಲೆ ಅದೂ ಇಲ್ಲ. ಮಧ್ಯಾಹ್ನದವರೆಗೆ ಮಲಗುವುದು, ಸುಮ್ನೆ ಗೋಡೆ ನೋಡುವುದು. ಒಂದು ವರ್ಷಕ್ಕೆ ಮುಗಿಸಿದ್ದು ಮೂರು ಚಿತ್ರ. ದಿನಾ ಊಟ ಮಾಡುತ್ತಿದ್ದ ಖಾನಾವಳಿಯ ಅಜ್ಜಿ ಒಂದು ದಿನ, ನಿನ್ನ ಕೈ ಚಲೋ ಐತಂತಲ್ಲ ತಮ್ಮಾ, ನಮ್ಮದೊಂದು ಬೋರ್ಡ್ ಬರೆದುಕೊಡು ಅಂದರು. ಊಟದ ದರದ ಬೋರ್ಡು. ಅಕ್ಷರದ ಪಕ್ಕ ಒಂದು ಜೋಳದ ರೊಟ್ಟಿ, ಬದನೆಕಾಯಿ ಬಿಡಿಸಿದೆ. ಅಜ್ಜಿಗೆ ಬಹಳ ಖುಷಿಯಾಯಿತು. ಮರುದಿನದಿಂದ ಅಲ್ಲೇ ಕೂತು ರೊಟ್ಟಿ ಬಡಿಯುವ ಅವರ ಕೈಗಳನ್ನು ಸ್ಕೆಚ್ ಮಾಡತೊಡಗಿದೆ. ನನ್ನ ಚಿತ್ರ ಮತ್ತೆ ಶುರುವಾದದ್ದು ಆ ಖಾನಾವಳಿಯ ಬೆಂಚಿನ ಮೇಲೆ.

ಈಗ ನೀವು ಮಾಡಬೇಕಾದದ್ದು. ಅಮ್ಮ, ಅಕ್ಕ ಹೇಳಿದ ಹಾಗೆ ಡಾಕ್ಟರನ್ನು ನೋಡಿ. ನಾನು ಡಾಕ್ಟರ್ ಅಲ್ಲ, ನಿಮಗೆ ಇರುವುದು ದುಃಖವೋ ಖಿನ್ನತೆಯೋ ನಾನು ಹೇಳಲಾರೆ. ಎರಡು ವರ್ಷ ಯಾರ ಜೊತೆಗೂ ಮಾತು ಬೇಡ ಅನ್ನಿಸುವುದನ್ನು ಮಾತ್ರ ಹಗುರ ಮಾಡಬೇಡಿ. ಔಷಧಿ ಕೊಟ್ಟರೆ, ನಾನು ಚಿತ್ರ ಬಿಡಿಸುವವನು, ಕೈ ಭಾರ ಅನ್ನಿಸಿದರೆ, ತೂಕಡಿಕೆ ಬಂದರೆ ತಿಳಿಸುತ್ತೇನೆ ಅಂತ ಮೊದಲೇ ಹೇಳಿ. ಅವರು ಪ್ರಮಾಣ ನೋಡಿ ಸರಿಮಾಡುತ್ತಾರೆ. ನೀವೇ ನಿಲ್ಲಿಸಬೇಡಿ. ಆಸ್ಪತ್ರೆಗೆ ಹೋಗಲು ಇನ್ನೂ ಮನಸ್ಸು ಬಾರದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ತೀರಾ ಕಷ್ಟವಾದರೆ, ಬದುಕೇ ಬೇಡ ಅನ್ನಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕರೆ ಮಾಡಿ, ಅಕ್ಕನನ್ನು ಎಬ್ಬಿಸಿ.

ಕೆಲಸ ಈಗಲೇ ಬಿಡಬೇಡಿ. ಸಂಬಳ ನಿಂತರೆ ಬಣ್ಣ, ಕಾಗದದ ಚಿಂತೆಯ ಜೊತೆ ಬಾಡಿಗೆಯ ಚಿಂತೆಯೂ ಸೇರುತ್ತದೆ. ವಿನ್ಸೆಂಟನಿಗೆ ತಿಂಗಳು ತಿಂಗಳೂ ದುಡ್ಡು ಕಳಿಸುವ ತಮ್ಮನಿದ್ದ. ನಿಮ್ಮ ಥಿಯೋ ಸದ್ಯಕ್ಕೆ ನಿಮ್ಮ ಬಿಲ್ಲಿಂಗ್ ಕೆಲಸ. ಸಕಲೇಶಪುರಕ್ಕೆ ಹೋಗುವ ಆಸೆಯನ್ನು ಕೈಬಿಡಿ ಅಂತ ಹೇಳುವುದಿಲ್ಲ. ಸ್ವಲ್ಪ ಹಗುರಾದ ಮೇಲೆ, ಡಾಕ್ಟರನ್ನು ಕೇಳಿ, ಹತ್ತು ದಿನ ರಜೆ ಹಾಕಿ ಹೋಗಿ. ಅದೇ ಫೋನ್ ನಂಬರ್ ಇರಲಿ. ಸಂಜೆಗೊಮ್ಮೆ ಅಮ್ಮನಿಗೆ ಕರೆ ಮಾಡಿ, ಆ ದಿನ ಏನು ಬಿಡಿಸಿದೆ ಅಂತ ಹೇಳಿ. ಅಮ್ಮನಿಗೆ ಚಿತ್ರ ಅರ್ಥವಾಗದೆ ಇರಬಹುದು. ನೀವು ಹೇಳುವುದು ಮುಖ್ಯ.

ರಾತ್ರಿಯ ಬದಲು ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಅರ್ಧ ಗಂಟೆ ಬಿಡಿಸಲು ಆಗುತ್ತದಾ ನೋಡಿ. ಭಾನುವಾರ ಕೆ.ಆರ್. ಮಾರುಕಟ್ಟೆಯಲ್ಲೋ ಬಸ್ ನಿಲ್ದಾಣದಲ್ಲೋ ಸ್ಕೆಚ್ ಪುಸ್ತಕ ಹಿಡಿದು ಕೂತುಕೊಳ್ಳಿ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ಜನರ ನಡುವೆ ಇದ್ದರೆ ಸಾಕು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ, ಅಲ್ಲಿಗೂ ಹೋಗಿ. ನಿಮ್ಮ ಹಾಗೆ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಚಿತ್ರ ಬಿಡಿಸುವವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ನೀವು ಕಳಿಸಿದ ಚಿತ್ರ ನೋಡಿದೆ. ಪಿಜಿಯ ಕಾರಿಡಾರ್, ಸಾಲಾಗಿ ಮುಚ್ಚಿದ ಬಾಗಿಲುಗಳು. ಇದ್ದಿಲಿನ ಕೆಲಸ ಚೆನ್ನಾಗಿದೆ, ಟ್ಯೂಬ್‌ಲೈಟಿನ ಬೆಳಕು ನೆಲದ ಮೇಲೆ ಬಿದ್ದಿರುವುದು ಸರಿಯಾಗಿ ಬಂದಿದೆ. ಬಾಗಿಲುಗಳ ಪರ್ಸ್‌ಪೆಕ್ಟಿವ್ ಎಡಗಡೆ ಸ್ವಲ್ಪ ತಪ್ಪಿದೆ, ಸ್ಕೇಲ್ ಇಟ್ಟು ಮತ್ತೊಮ್ಮೆ ನೋಡಿ. ಮೂರನೇ ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಇದೆಯಲ್ಲ, ಹಿಮ್ಮಡಿ ಸವೆದದ್ದು, ಒಂದು ಪಟ್ಟಿಗೆ ಹೊಲಿಗೆ ಹಾಕಿದ್ದು. ಇಡೀ ಚಿತ್ರದಲ್ಲಿ ನೀವು ಜಾಸ್ತಿ ಹೊತ್ತು ಕೂತದ್ದು ಅದರ ಮುಂದೆ. ರಬ್ಬರ್ ಉಜ್ಜಿದ ಗುರುತಿನಲ್ಲೇ ಗೊತ್ತಾಗುತ್ತದೆ. ಅದು ಯಾರ ಚಪ್ಪಲಿ? ಗೊತ್ತಿಲ್ಲದಿದ್ದರೆ ಆ ಬಾಗಿಲು ತಟ್ಟಿ ಕೇಳಿ. ಅವರು ಒಪ್ಪಿದರೆ ಹತ್ತು ನಿಮಿಷ ಕೂರಿಸಿ ಮುಖ ಬಿಡಿಸಿ, ಮುಂದಿನ ಸಲ ಅದನ್ನು ಕಳಿಸಿ.